ಎದುರು ಕೂತು ಕಲಿತ ಹೊಲಿಗೆ

ಜನವರಿ 11

ತಮ್ಮ,

ಮೊನ್ನೆ ಫೋನ್ ಮಾಡಿದಾಗ, "ಅಕ್ಕ, ಇನ್ಮೇಲೆ ಫೋನ್ ಬೇಡ, ಏನಿದ್ರೂ ಕಾಗದ ಬರಿ" ಅಂದೆ. ಯಾಕೆ ಅಂತ ಕೇಳುವಷ್ಟರಲ್ಲಿ ಇಟ್ಟುಬಿಟ್ಟೆ. ನಾನು ಕಾಗದ ಬರೆದು ಎಷ್ಟು ವರ್ಷವಾಯಿತೋ. ಗಿರಾಕಿಗಳ ಎದೆ, ಸೊಂಟ, ತೋಳು ಬರೆದು ಬರೆದು ನನಗೆ ಉದ್ದದ ವಾಕ್ಯವೇ ಮರೆತಿದೆ. ಸಹಿಸಿಕೊ.

ನೀನು ಕೇಳಿದ ಆರು ಚೀಲ ಈ ಕಟ್ಟಿನಲ್ಲಿವೆ. ನಿಮ್ಮ ಪತ್ತೇದಾರಿ ವಿಭಾಗಕ್ಕೆ ಹೋದ ವರ್ಷದಿಂದ ಹೊಲಿದು ಕೊಡುತ್ತಿರುವ ಅದೇ ದಪ್ಪ ಬಿಳಿ ಬಟ್ಟೆ, ಅದೇ ಥಾನು, ಅದೇ ಅಳತೆ. ಮೂರು ಬದಿ ಮಿಷನ್ ಹೊಲಿಗೆ, ಬಾಯಿ ತೆರೆದಿದೆ. ಸಾಕ್ಷ್ಯದ ವಸ್ತು ಒಳಗಿಟ್ಟು, ಬಾಯಿಯನ್ನು ಕೈಯಲ್ಲಿ ಹೊಲಿದು, ಮೇಲೆ ಅರಗಿನ ಮುದ್ರೆ ಹಾಕುವುದು ನಿಮ್ಮವರ ಕೆಲಸ. ಒಂದು ಮಾತ್ರ ನನಗೆ ತಿಳಿಯಲಿಲ್ಲ. ಪ್ರತಿ ಸಲ ಚೀಲ ನಿಮ್ಮ ಉಗ್ರಾಣಕ್ಕೆ ಹೋಗುತ್ತದೆ, ಅಲ್ಲಿ ಎಣಿಸಿ ನಂಬರು ಒತ್ತುತ್ತಾರೆ. ಈ ಸಲ ನಿನ್ನ ಮನೆಯ ವಿಳಾಸಕ್ಕೆ ಯಾಕೆ? ನಂಬರು ಒತ್ತುವವರು ಯಾರು? ನಿಮ್ಮ ಉಗ್ರಾಣದವನು ರುಜು ಇಲ್ಲದೆ ಗುಂಡುಸೂಜಿಯನ್ನೂ ಒಳಗೆ ಬಿಡದ ಮನುಷ್ಯ ಅಂತ ನೀನೇ ನಗುತ್ತಿದ್ದೆ.

ಬಸ್ ನಿಲ್ದಾಣದ ಎದುರಿನ ಅಂಗಡಿಗೆ ಬಂದ ಮೇಲೆ ನನಗೆ ಕೈತುಂಬ ಕೆಲಸ. ಈ ಜಾಗಕ್ಕೆ ಎಷ್ಟೋ ಜನ ಕಾದಿದ್ದರಂತೆ. ನಿನ್ನ ಸ್ನೇಹಿತ ಲಾರಿ ಯಜಮಾನರು ಒಂದು ಮಾತು ಹೇಳಿದ್ದಕ್ಕೆ ನನಗೆ ಸಿಕ್ಕಿತು. ಅವರಿಗೆ ನನ್ನ ನಮಸ್ಕಾರ ತಿಳಿಸು. ಎಲ್ಲ ಸರಿ, ಮಿಷನ್ ಮುಂದಿನ ಸ್ಟೂಲು ಮಾತ್ರ ಕಲ್ಲು. ಸಂಜೆಗೆ ಸೊಂಟ ಹಿಡಿದುಕೊಳ್ಳುತ್ತದೆ.

ನಿನ್ನ ಅಕ್ಕ


ಜನವರಿ 19

ಅಕ್ಕ,

ಚೀಲ ತಲುಪಿದವು. ಉಗ್ರಾಣದಲ್ಲಿ ಎಲ್ಲದಕ್ಕೂ ತಡ, ಅದಕ್ಕೆ ಒಂದಷ್ಟು ಕೈಯಲ್ಲಿರಲಿ ಅಂತ ತರಿಸಿಕೊಂಡೆ. ಇದನ್ನು ಯಾರ ಹತ್ತಿರವೂ ಹೇಳುವ ಅಗತ್ಯವಿಲ್ಲ. ಈ ಕಾಗದ ಓದಿ ಹರಿದುಬಿಡು.

ಇಲ್ಲಿ ಒಂದು ಸಾವಿನ ಕೇಸು ನನ್ನ ಕೈಯಲ್ಲಿದೆ. ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಗುಮಾಸ್ತ ಈ ತಿಂಗಳು ಆರರಂದು ಅಲ್ಲಿಯ ಹಳ್ಳಕ್ಕೆ ಬಿದ್ದು ಸತ್ತ. ಬಿದ್ದನೋ, ಯಾರಾದರೂ ತಳ್ಳಿದರೋ ಅನ್ನುವುದು ಪ್ರಶ್ನೆ. ಪತ್ರಿಕೆಯವರು ಏನೇನೋ ಬರೆಯುತ್ತಾರೆ. ನೀನು ಓದಬೇಡ.

ಫೆಬ್ರವರಿ ಒಂದಕ್ಕೆ ಬರುತ್ತೇನೆ. ಸ್ಟೂಲಿಗೆ ಒಂದು ಮೆತ್ತೆ ಮಾಡಿಕೊಂಡು ತರುತ್ತೇನೆ.

ನಿನ್ನ ತಮ್ಮ


ಫೆಬ್ರವರಿ 27

ತಮ್ಮ,

ನೀನು ಬಂದು ಹೋದ ಮೇಲೆ ಬರೆಯುತ್ತಿರುವ ಮೊದಲ ಕಾಗದ. ಮೆತ್ತೆ ಚೆನ್ನಾಗಿದೆ. ಇಪ್ಪತ್ತಾರು ದಿನದಿಂದ ಅದರ ಮೇಲೇ ಕೂತಿದ್ದೇನೆ, ಸೊಂಟಕ್ಕೆ ಸುಖ. ಅಂಚಿನ ಹೊಲಿಗೆ ನೋಡಿ ಎಷ್ಟು ನಕ್ಕೆನೋ. ನಲವತ್ತು ದಾಟಿದರೂ ಉಲ್ಟಾ ಹೊಲಿಗೆ ಬಿಟ್ಟಿಲ್ಲ ನೀನು.

ನಿನ್ನೆ ನಿಮ್ಮ ಇಲಾಖೆಯವರೊಬ್ಬರು ಬಂದಿದ್ದರು. ದಪ್ಪ ಕನ್ನಡಕ, ಮಾತು ಕಡಿಮೆ. ಗುರುತಿನ ಚೀಟಿ ತೋರಿಸಿ, ನನ್ನ ಚೀಲವೊಂದನ್ನು ಮೇಜಿನ ಮೇಲಿಟ್ಟರು. ಒಳಗೆ ಏನೂ ಇರಲಿಲ್ಲ. ಒಂದು ಬದಿ ಕತ್ತರಿಸಿ ತೆರೆದಿದ್ದರು, ಬಾಯಿಯ ಹೊಲಿಗೆ ಮಾತ್ರ ಹಾಗೇ ಇತ್ತು.

"ಇದು ನೀವು ಹೊಲಿದಿದ್ದಾ ಅಮ್ಮ?"

"ಹೌದು ಸಾರ್. ಮೂಲೆ ನೋಡಿ, ಎರಡು ಸಲ ಮಡಚಿದೀನಿ. ಬೇರೆಯವ್ರು ಒಂದೇ ಸಲ ಮಡಚಿ ಕೈತೊಳ್ಕೋತಾರೆ."

"ಬಾಯಿ?"

"ಬಾಯಿ ನಂದಲ್ಲ. ಇದು ನಮ್ಮ ತಮ್ಮನ ಕೈ."

"ಪೇದೆ ಹೊಲಿದಿದ್ದು ಅಂತ ದಾಖಲೆಯಲ್ಲಿದೆ."

"ಪೇದೆ ಹೊಲಿದ್ರೆ ಗೋಣಿಚೀಲ ಹೊಲಿದ ಹಾಗಿರುತ್ತೆ ಸಾರ್. ಇದನ್ನ ನೋಡಿ, ಅಂಗುಲಕ್ಕೆ ಎಂಟು."

ಹೇಗೆ ಅಷ್ಟು ಖಾತ್ರಿ ಅಂದರು. ಹೇಳಿದೆ. ನೀನು ಚಿಕ್ಕವನಿದ್ದಾಗ ಮನೆಯಲ್ಲಿ ಒಂದೇ ಕಿಟಕಿ, ಅದರ ಬೆಳಕಿಗೆ ಈ ಕಡೆ ನಾನು, ಆ ಕಡೆ ನೀನು. ನಾನು ಬಲದಿಂದ ಎಡಕ್ಕೆ ಹೊಲಿಯುತ್ತಿದ್ದೆ. ಎದುರು ಕೂತ ನಿನಗೆ ಅದು ಎಡದಿಂದ ಬಲಕ್ಕೆ ಕಾಣುತ್ತಿತ್ತು, ಹಾಗೇ ಕಲಿತುಬಿಟ್ಟೆ. "ಎಡಗೈಯವರು ಹೊಲಿದ್ರೂ ಹೀಗೇ ಬರುತ್ತಲ್ಲ?" ಅಂದರು. ಬರಲ್ಲ ಅಂದೆ. ಗಂಟಿನ ಸುತ್ತು ಬಲಗೈಯದು, ಹೊಲಿಗೆಯ ಓಟ ಎಡಗೈಯದು, ಎರಡೂ ಒಟ್ಟಿಗಿರುವ ಕೈ ನಾನು ಕಂಡ ಹಾಗೆ ಒಂದೇ ಅಂದೆ. ಅವರಿಗೆ ನಂಬಿಕೆ ಬರಲೆಂದು ಎದ್ದು ಮೆತ್ತೆಯನ್ನೇ ಕೈಗೆ ಕೊಟ್ಟೆ. ಎರಡನ್ನೂ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. ಮೆತ್ತೆ ತಟ್ಟಿ, "ಚೆನ್ನಾಗಿ ತುಂಬಿದಾರೆ" ಅಂದು ವಾಪಸು ಕೊಟ್ಟರು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ನನ್ನ ರುಜು ಹಾಕಿಸಿಕೊಂಡರು.

ಇಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುತ್ತಾನಲ್ಲ ಅಂತ ನಿನ್ನನ್ನು ಹೊಗಳುತ್ತಾರೆ ಅಂದುಕೊಂಡಿದ್ದೆ. ಅವರು ಒಂದು ಸಲವೂ ನಗಲಿಲ್ಲ. ಹೋದ ಮೇಲೆ ನನಗೆ ಏನೋ ಕಸಿವಿಸಿ. ನೀನು ಬೇಡ ಅಂದಿದ್ದರೂ ಪತ್ರಿಕೆ ತರಿಸಿ ಓದಿದೆ. ಗುಮಾಸ್ತನ ಹೆಂಡತಿ, ಪೊಲೀಸರ ಹತ್ತಿರ ಇರುವ ಅಂಗಿ ತನ್ನ ಗಂಡನದಲ್ಲ ಅನ್ನುತ್ತಾಳಂತೆ. ಆ ಚೀಲದಲ್ಲಿ ಇದ್ದದ್ದು ಆ ಅಂಗಿಯೇ?

ನಿನ್ನ ಅಕ್ಕ


ಮಾರ್ಚ್ 3

ಅಕ್ಕ,

ಹೌದು, ಆ ಅಂಗಿಯೇ. ನೀನು ಏನು ಮಾಡಿದ್ದೀಯ ಅಂತ ನಿನಗೆ ಗೊತ್ತಿಲ್ಲ. ತಪ್ಪು ನಿನ್ನದಲ್ಲ, ನಾನು ಮೊದಲೇ ಹೇಳಬೇಕಿತ್ತು.

ಬಂದವರು ಪೊಲೀಸರ ಮೇಲೇ ತನಿಖೆ ಮಾಡುವವರು. ಸಾಕ್ಷ್ಯ ಬದಲಾಯಿಸಿದೆ ಅಂತ ನನ್ನ ಮೇಲೆ ಆರೋಪ. ನಡೆದದ್ದು ಇಷ್ಟೇ. ಜನವರಿ 20ಕ್ಕೆ ನೋಡಿದಾಗ ಹಳೆಯ ಚೀಲವನ್ನು ಇಲಿ ಕಡಿದಿತ್ತು. ಹೊಸ ಚೀಲಕ್ಕೆ ಹಾಕಿಸಿದೆ.

ಈಗ ಒಂದೇ ದಾರಿ ಇದೆ. ಏಪ್ರಿಲ್ 4ಕ್ಕೆ ನಿನ್ನನ್ನು ವಿಚಾರಣೆಗೆ ಕರೆಯುತ್ತಾರೆ. ಚೀಲದ ಬಾಯಿ ಹೊಲಿದವಳು ನೀನೇ ಅಂತ ಹೇಳು. ಆ ವಾರ ತಮ್ಮನ ಮನೆಗೆ ಹೋಗಿದ್ದೆ, ಅವನು ಚೀಲ ಹಿಡಿದುಕೊಂಡಿದ್ದ, ಎದುರಿನಿಂದ ಹೊಲಿದದ್ದರಿಂದ ಉಲ್ಟಾ ಬಂತು ಅನ್ನು. ಆಗ ಇದು ಬರೀ ನಿರ್ಲಕ್ಷ್ಯ, ಒಂದು ಬಡ್ತಿ ಹೋಗುತ್ತದೆ ಅಷ್ಟೇ. ಇಲ್ಲದಿದ್ದರೆ ನಾನು ಜೈಲಿಗೆ. ಮೊದಲು ಬೇರೆ ಹೇಳಿದ್ದೆಯಲ್ಲ ಅಂದರೆ, ಕಣ್ಣು ಮಂದವಾಗಿದೆ, ಆವತ್ತು ಗೊಂದಲವಾಯಿತು ಅಂತ ಹೇಳು. ನಿನ್ನ ವಯಸ್ಸಿನವರು ಹಾಗಂದರೆ ನಂಬುತ್ತಾರೆ.

ನಿನ್ನ ತಮ್ಮ


ಮಾರ್ಚ್ 10

ತಮ್ಮ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಪ್ರತಿ ಸಲ ಬೇರೆ ಬೇರೆ ಅರ್ಥವಾಗುತ್ತದೆ. ನನಗೆ ಗೊತ್ತಿರುವ ತಾರೀಕುಗಳನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಗುಮಾಸ್ತ ಸತ್ತದ್ದು ಜನವರಿ 6. ನೀನು ಫೋನ್ ಮಾಡಿ ನಂಬರಿಲ್ಲದ ಚೀಲ ಕೇಳಿದ್ದು 8. ಇಲಿ ಕಡಿದದ್ದು 20. ಹನ್ನೆರಡು ದಿನ ಮೊದಲೇ ಇಲಿ ಬಂದು ನಿನಗೆ ಹೇಳಿತ್ತೇ?

ಹೇಳು ಅಂದರೆ ಹೇಳುತ್ತೇನೆ. ನಿನ್ನನ್ನು ಸಾಕಿದ್ದು ಜೈಲಿಗೆ ಕಳಿಸಲು ಅಲ್ಲ. ವಿಚಾರಣೆಯಲ್ಲಿ ಹೊಲಿದು ತೋರಿಸಿ ಅಂತ ಕೇಳಿದರೂ ಕೇಳಬಹುದು ಅಂತ ಗೋಡೆಗೆ ಕನ್ನಡಿ ಒರಗಿಸಿ ಉಲ್ಟಾ ಹೊಲಿಯುವುದನ್ನು ಕಲಿಯುತ್ತಿದ್ದೇನೆ. ಮೊದಲ ದಿನ ಬೆರಳಿಗೆ ಐದು ಸಲ ಚುಚ್ಚಿಕೊಂಡೆ. ಈಗ ಪರವಾಗಿಲ್ಲ, ಅಂಗುಲಕ್ಕೆ ಆರು ಬರುತ್ತಿದೆ. ಅಕ್ಕ ತಮ್ಮನಿಂದ ಹೊಲಿಗೆ ಕಲಿಯುವ ಕಾಲ ಬಂತು ನೋಡು.

ಒಂದು ಮಾತಿಗೆ ಉತ್ತರ ಕೊಡು. ಗುಮಾಸ್ತನ ನಿಜವಾದ ಅಂಗಿ ಎಲ್ಲಿದೆ?

ನಿನ್ನ ಅಕ್ಕ


ಮಾರ್ಚ್ 16

ಅಕ್ಕ,

ಕೆಲವನ್ನು ಕೇಳದಿದ್ದರೆ ನಿನಗೇ ಒಳ್ಳೆಯದು.

ಬಸ್ ನಿಲ್ದಾಣದ ಎದುರಿನ ಅಂಗಡಿ ಬರೀ ಒಂದು ಮಾತಿಗೆ ಸಿಗುತ್ತದೆ ಅಂತ ನೀನು ನಿಜವಾಗಿ ನಂಬಿದ್ದೆಯಾ? ಲಾರಿ ಯಜಮಾನ ಮೊದಲು ಕೇಳಿದ್ದು ಯಾರದೋ ಒಂದು ವಿಳಾಸ. ಆಮೇಲೆ ಯಾವ ರಸ್ತೆಯಲ್ಲಿ ಯಾವಾಗ ತಪಾಸಣೆ ಅಂತ ಮೊದಲೇ ತಿಳಿಸಬೇಕಾಯಿತು. ಅವನ ಲಾರಿಗಳಲ್ಲಿ ಏನು ಹೋಗುತ್ತದೆ ಅಂತ ನಾನು ಕೇಳಲಿಲ್ಲ. ತೂಕ ಸುಳ್ಳು ಬರೆಯಲ್ಲ ಅಂದ ಗುಮಾಸ್ತ ಕೇಳಿದ. ಬೆಳಗ್ಗೆ ಇಲಾಖೆಯ ಸಭೆಯಲ್ಲಿ ಆ ಯಜಮಾನನನ್ನು ಹಿಡಿಯುವ ಯೋಜನೆ ಹಾಕುವವನು ನಾನೇ, ಮಧ್ಯಾಹ್ನ ಅದನ್ನು ಅವನಿಗೆ ತಿಳಿಸುವವನೂ ನಾನೇ. ಯಾವುದು ನನ್ನ ನಿಜವಾದ ಕೆಲಸ ಅಂತ ಕೆಲವು ದಿನ ನನಗೇ ಗೊತ್ತಾಗುವುದಿಲ್ಲ. ಎರಡನ್ನೂ ಚೆನ್ನಾಗಿಯೇ ಮಾಡುತ್ತಿದ್ದೆ.

ಏಪ್ರಿಲ್ 4. ಎಲ್ಲವೂ ನಿನ್ನ ಒಂದು ಮಾತಿನ ಮೇಲೆ ನಿಂತಿದೆ.

ತಮ್ಮ


ಮಾರ್ಚ್ 25

ಟೈಲರ್ ಅಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ನೀವು ಯಾರು, ನನ್ನ ಗಂಡನ ಅಂಗಿಯ ವಿಚಾರ ನಿಮಗೆ ಯಾಕೆ ಬೇಕು ತಿಳಿಯಲಿಲ್ಲ. ಆದರೂ ಯಾರಾದರೊಬ್ಬರು ಕೇಳಿದರಲ್ಲ ಅಂತ ಬರೆಯುತ್ತಿದ್ದೇನೆ.

ಅವರು ಜೇಬಿನಲ್ಲಿ ಮುಚ್ಚಳವಿಲ್ಲದ ಪೆನ್ನು ಇಡುತ್ತಿದ್ದರು. ಜೇಬಿನ ಕೆಳಗೆ ಅಂಗಿ ತೂತಾಗಿತ್ತು. ಮನೆಯಲ್ಲಿ ಬಿಳಿ ದಾರ ಮುಗಿದಿತ್ತು, ತಿಳಿ ನೀಲಿಯಲ್ಲಿ ರಫೂ ಮಾಡಿದೆ. ಉದ್ದಕ್ಕೆ ಎಂಟು ಎಳೆ, ಅಡ್ಡಕ್ಕೆ ಎಂಟು. "ಆಫೀಸಲ್ಲಿ ಎಲ್ಲಾ ಕಿಟಕಿ ಮುಚ್ಚಿದ್ರೂ ನನ್ನ ಜೇಬಲ್ಲಿ ಒಂದು ತೆರೆದಿರುತ್ತೆ" ಅಂತ ತಮಾಷೆ ಮಾಡಿಕೊಂಡೇ ಹೋದರು. ಅವರನ್ನು ಮೇಲೆತ್ತಿದಾಗ ನಾನು ಅಲ್ಲೇ ಇದ್ದೆ. ಬೆನ್ನ ಮೇಲೆ ಗ್ರೀಸಿನ ಕೈ ಅಚ್ಚು ಒತ್ತಿತ್ತು, ಐದು ಬೆರಳೂ ಎಣಿಸಬಹುದಾಗಿತ್ತು.

ಪೊಲೀಸರು ಫೆಬ್ರವರಿಯಲ್ಲಿ ತೋರಿಸಿದ ಅಂಗಿಯಲ್ಲಿ ಕೆಸರಿತ್ತು, ಕೈ ಅಚ್ಚು ಇರಲಿಲ್ಲ, ರಫೂ ಇರಲಿಲ್ಲ. ಇದು ನಮ್ಮವರದಲ್ಲ ಅಂದೆ. ಕೇಸು ನೋಡುವ ಇನ್‌ಸ್ಪೆಕ್ಟರ್ ಬಹಳ ಮೃದು. ನನಗೆ ಕುರ್ಚಿ ಹಾಕಿಸಿ ನೀರು ಕೊಟ್ಟು, "ದುಃಖದಲ್ಲಿ ಹೀಗಾಗುತ್ತೆ ಅಮ್ಮ, ನಿಮಗೆ ಗೊಂದಲ ಆಗಿದೆ" ಅಂದರು. ಮನೆಗೆ ಬಂದು ನೀಲಿ ದಾರದ ಉಂಡೆ ಹುಡುಕಿದೆ, ಸಿಗಲಿಲ್ಲ. ಅವರೇ ಸರಿಯೇನೋ. ನಾನು ರಫೂ ಮಾಡಿದ್ದು ಆ ಅಂಗಿಗೋ, ಬೇರೆಯದಕ್ಕೋ, ಅಥವಾ ಮಾಡಬೇಕು ಅಂದುಕೊಂಡದ್ದಷ್ಟೋ ಅಂತ ಈಗ ನನಗೇ ಅನುಮಾನ. ನೀವು ಹೊಲಿಯುವವರು. ತನ್ನ ಹೊಲಿಗೆ ತನಗೆ ಮರೆತುಹೋಗುವುದು ಉಂಟೇ?

ಗುಮಾಸ್ತರ ಹೆಂಡತಿ


ಏಪ್ರಿಲ್ 5

ತಮ್ಮ,

ನಿನ್ನೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ನಿನಗೆ ಬೇರೆಯವರಿಂದ ತಿಳಿಯುವುದು ಬೇಡ.

ಹತ್ತು ಗಂಟೆಗೆ ಹೋದೆ. ಎರಡನೆಯ ಮಹಡಿ, ಹಸಿರು ಬಾಗಿಲು, ಹೊರಗೆ ಒಂದು ಬೆಂಚು. ಬೆಂಚಿನಲ್ಲಿ ಒಬ್ಬಳು ಕೂತಿದ್ದಳು. ನನ್ನ ಕುತ್ತಿಗೆಯಲ್ಲಿದ್ದ ಅಳತೆ ಟೇಪು ನೋಡಿ, "ನೀವು ಕಾಗದ ಬರೆದ ಟೈಲರ್ ಅಮ್ಮ ಅಲ್ವಾ?" ಅಂದಳು. ಅವಸರದಲ್ಲಿ ಟೇಪು ತೆಗೆಯಲು ಮರೆತಿದ್ದೆ. ಹೌದು ಅಂದೆ.

"ನೀವ್ಯಾಕೆ ಇಲ್ಲಿ? ಆ ಇನ್‌ಸ್ಪೆಕ್ಟರಿಗೆ ನೀವೇನಾಗ್ಬೇಕು?"

"ಅಕ್ಕ."

ಅವಳು ನಮ್ಮಿಬ್ಬರ ನಡುವೆ ಇದ್ದ ತನ್ನ ಚೀಲವನ್ನು ಎತ್ತಿ ಆ ಕಡೆ ಇಟ್ಟುಕೊಂಡಳು. ಅದು ನನಗೆ ಜಾಗ ಕೊಟ್ಟದ್ದೋ, ನನ್ನಿಂದ ಚೀಲ ದೂರ ಇಟ್ಟದ್ದೋ, ಈಗಲೂ ಗೊತ್ತಿಲ್ಲ. ನಾನು ಕೂತೆ.

ಒಳಗೆ ಕನ್ನಡಕದವರು ಚೀಲ ತೋರಿಸಿ, "ಬಾಯಿ ಯಾರು ಹೊಲಿದಿದ್ದು, ಇನ್ನೊಂದು ಸಲ ಹೇಳಿ" ಅಂದರು. ನಾನು ನೀನು ಹೇಳಿಕೊಟ್ಟ ಹಾಗೆಯೇ ಶುರು ಮಾಡಿದೆ. "ಆವತ್ತು ನನಗೆ ಗೊಂದಲ..." ಅಷ್ಟು ಅಂದೆ. ಅಲ್ಲಿಗೇ ನಿಲ್ಲಿಸಿದೆ. ಅದೇ ಮಾತನ್ನು ನೀನು ಅವಳಿಗೂ ಹೇಳಿದ್ದೆ, ಕುರ್ಚಿ ಹಾಕಿ, ನೀರು ಕೊಟ್ಟು. ಈಗ ಅವಳು ಮನೆಯಲ್ಲಿ ನೀಲಿ ದಾರ ಹುಡುಕುತ್ತಿದ್ದಾಳೆ.

ಅವರು ಕಾದರು. ಆಮೇಲೆ ಸೂಜಿ, ದಾರ, ಒಂದು ತುಂಡು ಬಿಳಿ ಬಟ್ಟೆ ಕೊಟ್ಟು, "ಮಾತು ಬೇಡ, ನಾಲ್ಕು ಅಂಗುಲ ಹೊಲೀರಿ" ಅಂದರು. ಉಲ್ಟಾ ಹೊಲಿಯಲು ಬರುತ್ತಿತ್ತು, ತಮ್ಮ. ಹತ್ತಿರ ಹತ್ತಿರ ಒಂದು ತಿಂಗಳು ಕಲಿತಿದ್ದೆ, ಕನ್ನಡಿ ಬೇಕಾಗಿರಲಿಲ್ಲ, ಅಂಗುಲಕ್ಕೆ ಎಂಟೇ ಬೀಳುತ್ತಿತ್ತು. ಕೈ ತಪ್ಪಿತು ಅಂತ ನಿನಗೆ ಹೇಳಬಹುದು. ಕೈ ತಪ್ಪಲಿಲ್ಲ. ಬಲದಿಂದ ಎಡಕ್ಕೆ ಹೊಲಿದೆ, ಗಂಟು ಹಾಕಿ ಕೊಟ್ಟೆ. "ಇದು ನನ್ನ ಕೈ. ಚೀಲದ್ದು ಅವನದು. ನನಗೆ ಗೊಂದಲ ಇಲ್ಲ" ಅಂದೆ.

ನಿನ್ನ ಕಾಗದಗಳನ್ನು ಹರಿದಿಲ್ಲ. ಅವರು ಕೇಳಲಿಲ್ಲ, ನಾನು ಕೊಡಲಿಲ್ಲ. ಕೇಳಿದ್ದರೆ ಏನು ಮಾಡುತ್ತಿದ್ದೆನೋ ತಿಳಿಯದು. ಹೊರಗೆ ಬಂದಾಗ ಬೆಂಚು ಖಾಲಿ ಇತ್ತು. ಮೆಟ್ಟಿಲಿಳಿಯುವಾಗ ನೀನು ಮೊದಲ ಸಲ ಸೂಜಿಗೆ ದಾರ ಪೋಣಿಸಿದ ದಿನ ನೆನಪಾಯಿತು, ಯಾಕೋ.

ಅಂಗಡಿ ಬಿಟ್ಟೆ. ಮಿಷನ್ ಮನೆಗೆ ತಂದಿದ್ದೇನೆ, ಸ್ಟೂಲೂ ಮೆತ್ತೆಯೂ.

ನಿನ್ನ ಅಕ್ಕ


ಮೇ 20

ತಮ್ಮ,

ನಿನ್ನನ್ನು ಬಂಧಿಸಿ ಒಂದೂವರೆ ತಿಂಗಳಾಯಿತು. ಮೂರು ಕಾಗದ ಹಾಕಿದೆ, ಉತ್ತರವಿಲ್ಲ. ಭೇಟಿಗೆ ನಿನ್ನ ಒಪ್ಪಿಗೆಯ ರುಜು ಬೇಕಂತೆ, ನೀನು ಹಾಕುತ್ತಿಲ್ಲವಂತೆ. ಅಂಗಿ ಸಿಗದೆ ಲಾರಿ ಯಜಮಾನನ ಕಡೆಯವನ ಮೇಲೆ ಏನೂ ಸಾಬೀತಾಗುವುದಿಲ್ಲ ಅಂತ ಪತ್ರಿಕೆಯಲ್ಲಿದೆ. ನೀನು ಒಳಗೆ, ತಳ್ಳಿದವನು ಹೊರಗೆ. ನಾನು ಮಾಡಿದ್ದು ಸರಿಯೋ ತಪ್ಪೋ ಅಂತ ದಿನಕ್ಕೆರಡು ಸಲ ಲೆಕ್ಕ ತಪ್ಪುತ್ತದೆ.

ಮತ್ತೆ ಅದೇ ಕೇಳುತ್ತೇನೆ. ಅಂಗಿ ಎಲ್ಲಿದೆ?

ನಿನ್ನ ಅಕ್ಕ


ಜೂನ್ 14

ಅಕ್ಕ,

ಈ ಕಾಗದವನ್ನು ಇಲ್ಲಿ ಓದಿಯೇ ಕಳಿಸುತ್ತಾರೆ. ಓದಲಿ.

ಸುಡು ಅಂದಿದ್ದರು. ಸುಟ್ಟೆ ಅಂತ ಹೇಳಿದೆ. ಸುಡಲಿಲ್ಲ.

ಮೆತ್ತೆ ಬಿಚ್ಚು.

ತಮ್ಮ


ಜೂನ್ 18

ತಮ್ಮ,

ನಿನ್ನ ಕಾಗದ ಬಂದ ಅರ್ಧ ಗಂಟೆಗೆ ಕನ್ನಡಕದವರು ಬಂದರು. ನಾನು ಮೆತ್ತೆಯನ್ನು ಮೇಜಿನ ಮೇಲಿಟ್ಟು ಸುಮ್ಮನೆ ನೋಡುತ್ತಾ ಕೂತಿದ್ದೆ, ಮುಟ್ಟಿರಲಿಲ್ಲ. ಅವರೂ ಒಂದು ನಿಮಿಷ ನೋಡಿದರು. "ನಾನೇ ತಟ್ಟಿ ವಾಪಸ್ ಕೊಟ್ಟಿದ್ನಲ್ಲಮ್ಮ" ಅಂದರು. ಮೊದಲ ಸಲ ಅವರ ಮುಖ ನಗುವ ಹಾಗಾಯಿತು, ಅಥವಾ ಅಳುವ ಹಾಗೆ.

ಗುಮಾಸ್ತನ ಹೆಂಡತಿಯನ್ನು ಕರೆಸುವವರೆಗೆ ಬಿಚ್ಚಬಾರದು ಅಂದರು. ಅವಳು ಬರುವ ಹೊತ್ತಿಗೆ ಮೂರು ಗಂಟೆ. ಬಿಚ್ಚಲು ನನಗೇ ಹೇಳಿದರು. ನಿನ್ನ ಹೊಲಿಗೆ ಬಿಚ್ಚುವುದು ಕಷ್ಟ, ಅಷ್ಟು ಒತ್ತು. ಹತ್ತಿಯ ಮಧ್ಯೆ ಪ್ಲಾಸ್ಟಿಕ್ಕು, ಅದರೊಳಗೆ ಅಂಗಿ. ಬೆನ್ನ ಮೇಲೆ ಕೈ ಅಚ್ಚು ಹಾಗೇ ಇತ್ತು. ನಾಲ್ಕೂವರೆ ತಿಂಗಳು ನಾನು ಅದರ ಮೇಲೆ ಕೂತು ಮಕ್ಕಳ ಸಮವಸ್ತ್ರ ಹೊಲಿದಿದ್ದೇನೆ.

ಅವಳು ಅಚ್ಚನ್ನು ನೋಡಲಿಲ್ಲ. ಮೊದಲು ಜೇಬಿನ ಕೆಳಗೆ ಬೆರಳು ಇಟ್ಟಳು. ಎಣಿಸಿದಳು. "ಎಂಟು" ಅಂದಳು. ಅಡ್ಡಕ್ಕೆ ಎಣಿಸಿದಳು. "ಎಂಟು." ಆಮೇಲೆ ನನ್ನ ಕಡೆ ತಿರುಗಿ, "ಮರೆತಿರಲಿಲ್ಲ" ಅಂದಳು. ನಾನು ಇಲ್ಲ ಅಂದೆ. ನಿನ್ನ ವಿಚಾರ ಅವಳು ಒಂದು ಮಾತೂ ಎತ್ತಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಅಂಗಿಯನ್ನು ಹೊಸ ಚೀಲಕ್ಕೆ ಹಾಕಿದರು. ಕನ್ನಡಕದವರ ಜೊತೆ ಬಂದಿದ್ದ ಪೇದೆ ಬಾಯಿ ಹೊಲಿದ, ಗೋಣಿಚೀಲ ಹೊಲಿದ ಹಾಗೆ. ನಾನು ಬಾಯಿ ಮುಚ್ಚಿಕೊಂಡು ನೋಡಿದೆ.

ಈಗ ನನ್ನ ತಲೆ ತಿನ್ನುತ್ತಿರುವುದು ಒಂದೇ. ಅದನ್ನು ಯಾಕೆ ಉಳಿಸಿದೆ? ಆ ರಫೂ ನೋಡಿದ್ದಕ್ಕೋ? ನಿನ್ನ ಶಾಲೆಯ ಅಂಗಿಗೆ ನಾನೂ ಹಾಗೇ ಹಾಕುತ್ತಿದ್ದೆ, ಬಣ್ಣದ ದಾರ ಅಂತ ನೀನು ಅತ್ತಿದ್ದೆ. ಇಲ್ಲ, ಲಾರಿ ಯಜಮಾನನ ಜುಟ್ಟು ಒಂದು ದಿನ ಕೈಗೆ ಬರಲಿ ಅಂತಲೋ? ಮತ್ತೆ ಅದನ್ನು ನನ್ನ ಕೆಳಗೇ ಯಾಕೆ ಇಟ್ಟೆ? ನಂಬಿಕೆಯಿಂದಲೋ, ನನ್ನನ್ನು ಯಾರೂ ಅನುಮಾನಿಸುವುದಿಲ್ಲ ಅಂತಲೋ? ಒಂದು ದಿನ ಒಂದು ಉತ್ತರ ಸರಿ ಅನ್ನಿಸುತ್ತದೆ, ಮರುದಿನ ಇನ್ನೊಂದು. ಕಾಗದದಲ್ಲಿ ಬರೆಯಬೇಡ. ಕಾಗದದಲ್ಲಿ ನೀನು ಬರೆದದ್ದನ್ನು ನಾನು ಇನ್ನು ನಂಬಲಾರೆ. ಮುಖ ನೋಡಿ ಕೇಳುತ್ತೇನೆ.

ನಿನ್ನ ಒಪ್ಪಿಗೆಯ ರುಜು ಬಂದಿದೆ ಅಂತ ಜೈಲಿನ ಚೀಟಿ ಇವತ್ತು ತಲುಪಿತು. ಭಾನುವಾರ ಹನ್ನೊಂದಕ್ಕೆ ಬರುತ್ತೇನೆ. ನಿಯಮವನ್ನೆಲ್ಲ ಅಚ್ಚು ಹಾಕಿಸಿದ್ದಾರೆ. ಅರ್ಧ ಗಂಟೆ, ನಡುವೆ ಜಾಲರಿ, ಇಬ್ಬರೂ ಎದುರುಬದುರು ಕೂರಬೇಕು. ಅದೇನು ನಮಗೆ ಹೊಸದಲ್ಲ.

ಸ್ಟೂಲಿನ ಮೇಲೆ ಈಗ ಏನೂ ಇಲ್ಲ. ಬೇರೆ ಮೆತ್ತೆ ಹೊಲಿದುಕೊಳ್ಳಬೇಕು. ಬಟ್ಟೆ ಕತ್ತರಿಸಿಟ್ಟು ಎರಡು ದಿನವಾಯಿತು.

ನಿನ್ನ ಅಕ್ಕ